ಕಾಕ್‌ಪಿಟ್‌ನಲ್ಲಿ ಹವಾಮಾನ ರಾಡಾರ್ ಚಿತ್ರದ ದೋಷ: ಪೆಟ್ಟಿಗೆ ಕಳಚುವ ಮೊದಲು ಪರದೆಯನ್ನು ಓದುವ ಕ್ರಮ

ಪ್ರಯಾಣಿಕ ಜೆಟ್ ವಿಮಾನಗಳ ಲಾಗ್‌ಬುಕ್‌ನಲ್ಲಿ ಹವಾಮಾನ ರಾಡಾರ್ ಬಗ್ಗೆ ಬರುವ ದೂರುಗಳು ಬಹುಮಟ್ಟಿಗೆ ಒಂದೇ ಸಾಲಿನವು. "ಎಡಗಡೆ ವೆದರ್ ಬರುತ್ತಿಲ್ಲ" ಎಂದೋ "ಚಿತ್ರ ಮಂಕು" ಎಂದೋ ಬರೆದು ಪೈಲಟ್ ಇಳಿದು ಹೋಗಿರುತ್ತಾರೆ. ಮುಂದಿನ ಹಾರಾಟಕ್ಕೆ ಸಮಯ ಕಡಿಮೆ ಇರುವುದರಿಂದ ರಾಡಾರ್ ಅಲೆಗಳನ್ನು ಕಳುಹಿಸಿ ಪ್ರತಿಧ್ವನಿಯನ್ನು ಹಿಡಿಯುವ ಟ್ರಾನ್ಸೀವರ್ ಪೆಟ್ಟಿಗೆಯನ್ನು ಬದಲಿಸಿ ಸಹಿ ಹಾಕುವುದು ರೂಢಿಯಾಗಿಬಿಟ್ಟಿದೆ. ಆ ಪೆಟ್ಟಿಗೆ ವರ್ಕ್‌ಶಾಪ್‌ಗೆ ಹೋಗಿ "ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ವಾಪಸಾಗುತ್ತದೆ. ಅಷ್ಟರಲ್ಲಿ ಅದೇ ವಿಮಾನದಲ್ಲಿ ಅದೇ ದೂರು ಮತ್ತೆ ದಾಖಲಾಗಿರುತ್ತದೆ. ಪರದೆಯ ಮೇಲೆ ಕಾಣುವ ಕೆಡುಕಿನ ರೂಪವನ್ನು ಸರಿಯಾಗಿ ಓದಿದರೆ ದೋಷವು ಆಂಟೆನಾ ಕಡೆಯದೋ, ತಂತಿಯದೋ, ಪರದೆಯದೋ ಎಂಬುದನ್ನು ಬಹಳಷ್ಟು ಸಲ ಕಾಕ್‌ಪಿಟ್‌ನಲ್ಲಿ ಕುಳಿತೇ ನಿರ್ಧರಿಸಬಹುದು. ಈ ಕೈಪಿಡಿ ಅದರ ಕ್ರಮವನ್ನು ವಿವರಿಸುತ್ತದೆ. ಇಲ್ಲಿ ಹೇಳಿರುವುದು ಏರಿಂಕ್ 708 ಎಂಬ ಉದ್ಯಮ ಮಾನದಂಡದ ವಿನ್ಯಾಸದ ರಾಡಾರ್‌ಗಳಿಗೆ ಅನ್ವಯಿಸುತ್ತದೆ. ಆಯಾ ವಿಮಾನದ ನಿರ್ವಹಣಾ ಕೈಪಿಡಿ ಮತ್ತು ವೈರಿಂಗ್ ನಕ್ಷೆಯೇ ಅಂತಿಮವಾಗಿದ್ದು, ಇದು ಅವುಗಳಿಗೆ ಬದಲಿಯಲ್ಲ.

ಮೊದಲು ಸುರಕ್ಷತೆ

ಹವಾಮಾನ ರಾಡಾರ್ ಎಕ್ಸ್ ಬ್ಯಾಂಡ್‌ನಲ್ಲಿ, ಅಂದರೆ ಸುಮಾರು 9.3 ಗಿಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಆಂಟೆನಾ ಇರುವ ವಿಮಾನದ ಮೂಗಿನ ಮುಂದೆ ಜನರಿರುವಾಗ, ಹ್ಯಾಂಗರ್‌ನ ಗೋಡೆ ಎದುರಿಗಿರುವಾಗ ಅಥವಾ ಹತ್ತಿರದಲ್ಲಿ ಇಂಧನ ತುಂಬುತ್ತಿರುವಾಗ ಅದನ್ನು ಪ್ರಸಾರಕ್ಕೆ ಹಾಕಬಾರದು. ಎಷ್ಟು ದೂರ ಬಿಡಬೇಕು ಎಂಬುದು ಆಯಾ ರಾಡಾರ್‌ನ ಕೈಪಿಡಿಯಲ್ಲಿದೆ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಹೊರಡಿಸಿರುವ 20-68ಬಿ ಸಲಹಾ ಸುತ್ತೋಲೆಯೂ ಇದೇ ವಿಷಯದ ಮೇಲಿನದು. "ಟೆಸ್ಟ್‌ನಲ್ಲಿಟ್ಟರೆ ಪ್ರಸಾರವಾಗುವುದಿಲ್ಲ" ಎಂಬ ಮಾತು ಹ್ಯಾಂಗರ್‌ಗಳಲ್ಲಿ ಆಗಾಗ ಕೇಳಿಬರುತ್ತದೆಯಾದರೂ ಅದನ್ನು ನಂಬಿ ಯಾರನ್ನೂ ಆಂಟೆನಾ ಮುಂದೆ ನಿಲ್ಲಿಸಬಾರದು, ಏಕೆಂದರೆ ಕೆಲವು ಮಾದರಿಗಳು ಪರೀಕ್ಷೆಯ ನಡುವೆ ಅಲ್ಪಕಾಲ ಪ್ರಸಾರ ಮಾಡುತ್ತವೆ. ವಿಂಡ್‌ಶಿಯರ್ (ಗಾಳಿಯ ವೇಗ ಅಥವಾ ದಿಕ್ಕಿನ ಹಠಾತ್ ಬದಲಾವಣೆ) ಮುನ್ಸೂಚನೆಯ ಸೌಲಭ್ಯವಿರುವ ವಿಮಾನಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೋಯಿಂಗ್ 737ರ ಹೊಸ ಮಾದರಿಗಳಲ್ಲಿ ಥ್ರಸ್ಟ್ ಲೀವರ್‌ಗಳನ್ನು ಟೇಕಾಫ್ ಸ್ಥಾನಕ್ಕೆ ತಳ್ಳಿದಾಗ, ಪರದೆಯಲ್ಲಿ ರಾಡಾರ್ ಆಫ್ ಆಗಿದ್ದರೂ ಅದು ತಾನಾಗಿ ಸ್ಕ್ಯಾನ್ ಆರಂಭಿಸುತ್ತದೆ. ಆದ್ದರಿಂದ ಮೂಗಿನೊಳಗೆ ಕೆಲಸವಿದ್ದರೆ ಸರ್ಕ್ಯೂಟ್ ಬ್ರೇಕರ್ ಎಳೆದು ಟ್ಯಾಗ್ ಹಾಕುವುದೊಂದೇ ನಂಬಲರ್ಹ ಕ್ರಮ.

ಚಿತ್ರ ಪರದೆಗೆ ಬರುವ ದಾರಿ

ಹಳೆಯ ರಾಡಾರ್‌ಗಳಲ್ಲಿ ಪ್ರತಿಧ್ವನಿಯ ವೋಲ್ಟೇಜ್ ಅನಲಾಗ್ ವಿಡಿಯೊ ರೂಪದಲ್ಲೇ ತಂತಿಯ ಮೂಲಕ ಪರದೆಯ ಕೊಳವೆಗೆ (ಹಳೆಯ ಟಿವಿಯ ಪಿಕ್ಚರ್ ಟ್ಯೂಬ್‌ನಂಥದಕ್ಕೆ) ಹೋಗುತ್ತಿತ್ತು. ಜೊತೆಗೆ ಒಂದು ಟ್ರಿಗರ್ ಸಂಕೇತ ಮತ್ತು ಆಂಟೆನಾದ ಕೋನವನ್ನು ಹೇಳುವ ಸಂಕೇತಗಳು ಬೇರೆ ತಂತಿಗಳಲ್ಲಿ ಸಾಗುತ್ತಿದ್ದವು. ಹೀಗಾಗಿ ತಂತಿ ಸವೆದರೆ ಚಿತ್ರವೂ ಮಂಕಾಗುತ್ತಿತ್ತು. ಏರಿಂಕ್ 708 ರಾಡಾರ್‌ಗಳಲ್ಲಿ ಈ ಸಂಬಂಧವೇ ಇಲ್ಲ. ಪ್ರತಿಧ್ವನಿಯ ಬಲವನ್ನು ಟ್ರಾನ್ಸೀವರ್ ತನ್ನೊಳಗೇ ಅಳೆದು, ಕೆಲವೇ ಮಟ್ಟಗಳಾಗಿ ವಿಂಗಡಿಸಿ, ಸಂಖ್ಯೆಯ ರೂಪದಲ್ಲಿ ಕಳುಹಿಸುತ್ತದೆ. ಆಂಟೆನಾ ತಿರುಗುತ್ತ ಹೋದಂತೆ ಒಂದೊಂದು ಕೋನಕ್ಕೂ 1600 ಬಿಟ್‌ಗಳ ಒಂದು ಪದ ಹೊರಡುತ್ತದೆ. ಅದರ ಮೊದಲ 64 ಬಿಟ್‌ಗಳು ತಲೆಬರಹ: ಮೋಡ್, ಟಿಲ್ಟ್ (ಆಂಟೆನಾದ ಮೇಲ್ಕೆಳಗಿನ ಓರೆ), ಗೇನ್ (ಗ್ರಹಣದ ಸೂಕ್ಷ್ಮತೆ), ರೇಂಜ್ (ತೋರಿಸುವ ದೂರ), ದೋಷ ಸೂಚನೆಗಳು ಮತ್ತು ಆ ಕ್ಷಣದ ಸ್ಕ್ಯಾನ್ ಕೋನ ಇಲ್ಲಿರುತ್ತವೆ. ಉಳಿದ 1536 ಬಿಟ್‌ಗಳು ಆ ಕೋನದ ರೇಖೆಯನ್ನು 512 ಮನೆಗಳಾಗಿ ಹಂಚಿ, ಪ್ರತಿ ಮನೆಗೆ 3 ಬಿಟ್‌ಗಳಲ್ಲಿ ಬಣ್ಣವನ್ನು ಹೇಳುತ್ತವೆ. ಏನೂ ಇಲ್ಲದಿದ್ದರೆ ಕಪ್ಪು, ಆಮೇಲೆ ಕ್ರಮವಾಗಿ ಹಸಿರು, ಹಳದಿ, ಕೆಂಪು; ಮೆಜೆಂಟಾ ಬಣ್ಣವನ್ನು ಸಾಮಾನ್ಯವಾಗಿ ಟರ್ಬ್ಯುಲೆನ್ಸ್‌ಗೆ (ಗಾಳಿಯ ಕುಲುಕಾಟಕ್ಕೆ) ಮೀಸಲಿಟ್ಟಿರುತ್ತಾರೆ.

ಪರದೆಯ ಮೇಲೆ ಈ ರೇಖೆಗಳು ಬೀಸಣಿಗೆಯ ಕಡ್ಡಿಗಳಂತೆ ಒಂದರ ಪಕ್ಕ ಒಂದು ಜೋಡಿಸಿಕೊಂಡು ಚಿತ್ರವಾಗುತ್ತವೆ. ಪರದೆಯ ಹಿಂದಿನ ಕಂಪ್ಯೂಟರ್ ಅವನ್ನು ಸ್ಮರಣೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಿಡಿಸುವುದರಿಂದ ಆಂಟೆನಾ ಅತ್ತ ತಿರುಗಿರುವಾಗಲೂ ಇತ್ತಲಿನ ಚಿತ್ರ ಉಳಿಯುತ್ತದೆ. ಈ ಕಂಪ್ಯೂಟರ್‌ನ ಹೆಸರು ವಿಮಾನದಿಂದ ವಿಮಾನಕ್ಕೆ ಬೇರೆ: ಬೋಯಿಂಗ್ 757 ಮತ್ತು 767ರಲ್ಲಿ ಸಿಂಬಲ್ ಜನರೇಟರ್, 737ರ ಹೊಸ ಮಾದರಿಗಳಲ್ಲಿ ಡಿಇಯು, ಏರ್‌ಬಸ್ ಎ320ರಲ್ಲಿ ಡಿಎಂಸಿ.

ದೋಷ ಪತ್ತೆಯ ಸೂತ್ರವೆಲ್ಲ ಈ ವ್ಯವಸ್ಥೆಯಿಂದಲೇ ಹುಟ್ಟುತ್ತದೆ. ತಂತಿಯಲ್ಲಿ ಸಾಗುವುದು ಸಂಖ್ಯೆಯಾದ್ದರಿಂದ ತಂತಿಯ ದೋಷ ಚಿತ್ರವನ್ನು ಮಂಕುಗೊಳಿಸಲಾರದು, ತುಂಡರಿಸಬಲ್ಲದು ಅಷ್ಟೆ. ಒಂದು ರೇಖೆ ಪೂರ್ತಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಚಿತ್ರ ಕ್ರಮೇಣ ದುರ್ಬಲವಾಗಿದ್ದರೆ ಅದರ ಕಾರಣ ಸಂಖ್ಯೆಯಾಗುವುದಕ್ಕೆ ಮುಂಚಿನ ಭಾಗದಲ್ಲಿ, ಅಂದರೆ ರೇಡೋಮ್ (ಆಂಟೆನಾವನ್ನು ಮುಚ್ಚುವ ಮೂಗಿನ ಕವಚ), ಆಂಟೆನಾ, ವೇವ್‌ಗೈಡ್ (ಅಲೆಗಳನ್ನು ಒಯ್ಯುವ ಲೋಹದ ಕೊಳವೆ) ಅಥವಾ ರಿಸೀವರ್‌ನಲ್ಲಿರಬೇಕು, ಇಲ್ಲವೇ ಸಂಖ್ಯೆಯನ್ನು ಮತ್ತೆ ಬೆಳಕಾಗಿಸುವ ಪರದೆಯಲ್ಲಿರಬೇಕು. "ಚಿತ್ರ ಮಂಕು" ಎಂಬ ದೂರಿಗೆ ಬಸ್‌ನ, ಅಂದರೆ ಈ ಪದಗಳನ್ನು ಒಯ್ಯುವ ದತ್ತಾಂಶ ಮಾರ್ಗದ, ಕೇಬಲ್ ಪರೀಕ್ಷಿಸಲು ಹೊರಡುವುದು ವ್ಯರ್ಥ ಶ್ರಮ.

ನಾಬ್, ರೇಂಜ್ ಮತ್ತು ದೋಷವಲ್ಲದ ದೂರುಗಳು

ಚಿತ್ರವೇ ಇಲ್ಲ ಎಂಬ ದೂರಿನಲ್ಲಿ ಮೊದಲು ನೋಡಬೇಕಾದದ್ದು ಬ್ರೈಟ್‌ನೆಸ್ ನಾಬ್. ಎ320ರ ನ್ಯಾವಿಗೇಶನ್ ಡಿಸ್‌ಪ್ಲೇಗೆ ಒಂದರ ಸುತ್ತ ಒಂದಿರುವ ಜೋಡಿ ನಾಬ್ ಇದೆ: ಒಳಗಿನದು ಇಡೀ ಪರದೆಯ ಬೆಳಕಿಗೆ, ಹೊರಗಿನ ಬಳೆ ರಾಡಾರ್ ಮತ್ತು ಭೂಪ್ರದೇಶದ ಚಿತ್ರಕ್ಕೆ ಮಾತ್ರ. ರಾತ್ರಿಯ ಹಾರಾಟದಲ್ಲಿ ಕಣ್ಣು ಕುಕ್ಕದಿರಲೆಂದು ಯಾರಾದರೂ ಈ ಬಳೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಟ್ಟರೆ, ಮರುದಿನ ಬಂದ ಪೈಲಟ್‌ಗೆ ಮಾರ್ಗದ ಗೆರೆ, ದಿಕ್ಸೂಚಿ, ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ, ಮೋಡ ಮಾತ್ರ ಕಾಣುವುದಿಲ್ಲ. ಬೋಯಿಂಗ್ ವಿಮಾನಗಳಲ್ಲೂ ರಾಡಾರ್ ಚಿತ್ರದ ಬೆಳಕಿಗೆ ಇಂಥದೇ ಪ್ರತ್ಯೇಕ ನಾಬ್ ಇರುತ್ತದೆ, ಆದರೆ ಅಲ್ಲಿ ಒಳಗೆ ಹೊರಗೆ ಅದಲುಬದಲು. ಎರಡೂ ಬಗೆಯ ವಿಮಾನಗಳಲ್ಲಿ ಕೆಲಸ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಚಿತ್ರ ನಿಧಾನವಾಗಿ ಬದಲಾಗುತ್ತದೆ ಎಂಬುದು ಇನ್ನೊಂದು ಸಾಮಾನ್ಯ ದೂರು. ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ ಬೇರೆ ಬೇರೆ ರೇಂಜ್ ಅಥವಾ ಮೋಡ್ ಆರಿಸಿಕೊಂಡಿದ್ದರೆ, ಇರುವುದು ಒಂದೇ ಆಂಟೆನಾ ಆದ್ದರಿಂದ ಅನೇಕ ರಾಡಾರ್‌ಗಳು ಒಂದು ದಿಕ್ಕಿನ ಬೀಸನ್ನು ಎಡಗಡೆಯವರ ಆಯ್ಕೆಯಂತೆಯೂ ಮರಳುವ ಬೀಸನ್ನು ಬಲಗಡೆಯವರ ಆಯ್ಕೆಯಂತೆಯೂ ಮಾಡುತ್ತವೆ. 180 ಡಿಗ್ರಿಯ ಒಂದು ಬೀಸಿಗೆ ಸುಮಾರು 4 ಸೆಕೆಂಡ್ ಹಿಡಿಯುವ ರಾಡಾರ್‌ನಲ್ಲಿ ಆಗ ಪ್ರತಿಯೊಬ್ಬರ ಚಿತ್ರ ಹೊಸದಾಗುವುದಕ್ಕೆ 8 ಸೆಕೆಂಡ್ ಬೇಕಾಗುತ್ತದೆ. ಎರಡೂ ಕಡೆ ಒಂದೇ ರೇಂಜ್ ಇಟ್ಟು ನೋಡಿ. ಚಿತ್ರ ಚುರುಕಾದರೆ ದೂರನ್ನು ಅಲ್ಲಿಗೇ ಮುಗಿಸಬಹುದು. ದೂರದ ರೇಂಜ್‌ನಲ್ಲಿ ಮೋಡದ ಅಂಚು ಒರಟಾಗಿ ಕಾಣುವುದೂ ದೋಷವಲ್ಲ. ರೇಂಜ್ ಎಷ್ಟಿದ್ದರೂ ಮನೆಗಳು 512 ಮಾತ್ರ; 40 ನಾಟಿಕಲ್ ಮೈಲಿಯಲ್ಲಿ ಒಂದು ಮನೆ ಸುಮಾರು 145 ಮೀಟರ್ ಆದರೆ 320ರಲ್ಲಿ ಅದು 1100 ಮೀಟರ್ ದಾಟುತ್ತದೆ. ಟರ್ಬ್ಯುಲೆನ್ಸ್ ಗುರುತಿಸುವ ಶಕ್ತಿ ಹತ್ತಿರದ ದೂರಕ್ಕೆ, ಹಲವು ರಾಡಾರ್‌ಗಳಲ್ಲಿ 40 ನಾಟಿಕಲ್ ಮೈಲಿಗೆ ಸೀಮಿತವಾದ್ದರಿಂದ ಅದರಾಚೆ ಮೆಜೆಂಟಾ ಕಾಣದಿರುವುದು ಸಹಜ.

ತಿರುವಿನಲ್ಲಿ ಮಾತ್ರ ಪರದೆಯ ಒಂದು ಬದಿ, ವಿಶೇಷವಾಗಿ ತಗ್ಗಿದ ರೆಕ್ಕೆಯ ಬದಿ, ಬಣ್ಣದಿಂದ ತುಂಬಿಕೊಂಡರೆ ಅದು ದೋಷವೇ ಹೌದಾದರೂ ವಿಡಿಯೊ ದೋಷವಲ್ಲ. ಆಂಟೆನಾವನ್ನು ಸಮತಲದಲ್ಲಿ ಹಿಡಿದಿಡುವ ಸ್ಥಿರೀಕರಣ ಕೈಕೊಟ್ಟು, ಕಿರಣ ನೆಲಕ್ಕೆ ಬಡಿಯುತ್ತಿದೆ. ಅಂಥ ದೂರಿಗೆ ಜಡತ್ವ ವ್ಯವಸ್ಥೆಯಿಂದ ಬರುವ ಪಿಚ್ ಮತ್ತು ರೋಲ್ ಸಂಕೇತಗಳನ್ನೂ ಆಂಟೆನಾ ಡ್ರೈವ್ ಅನ್ನೂ ನೋಡಬೇಕು. ಈ ಕೈಪಿಡಿ ಅಲ್ಲಿಗೆ ಹೋಗುವುದಿಲ್ಲ.

ದಾರಿಯನ್ನು ಎರಡಾಗಿ ಕತ್ತರಿಸುವುದು

ನಾಬ್ ಮತ್ತು ರೇಂಜ್ ಸರಿಯಿದ್ದೂ ಚಿತ್ರವಿಲ್ಲದಿದ್ದರೆ, ಪರದೆಯ ಮೂಲೆಯಲ್ಲಿರುವ ಟಿಲ್ಟ್ ಅಂಕಿಯನ್ನು ನೋಡಿ. ಅನೇಕ ಅಳವಡಿಕೆಗಳಲ್ಲಿ ಈ ಅಂಕಿ ಪದದ ತಲೆಬರಹದಿಂದಲೇ ಬರುತ್ತದೆ. ಟಿಲ್ಟ್ ನಾಬನ್ನು ಮೇಲೆ 2 ಡಿಗ್ರಿಯಿಂದ ಕೆಳಗೆ 3 ಡಿಗ್ರಿಯವರೆಗೆ ನಿಧಾನವಾಗಿ ತಿರುಗಿಸಿದಾಗ ಅಂಕಿಯೂ ಜೊತೆಜೊತೆಗೆ ಬದಲಾದರೆ, ಆಜ್ಞೆ ಕಂಟ್ರೋಲ್ ಪ್ಯಾನೆಲ್‌ನಿಂದ ಟ್ರಾನ್ಸೀವರ್‌ಗೆ ತಲುಪಿ, ಅಲ್ಲಿಂದ ಪದದ ತಲೆಬರಹದಲ್ಲಿ ಕುಳಿತು, ಬಸ್ ದಾಟಿ ಪರದೆಗೆ ಮರಳಿದೆ ಎಂದಾಯಿತು. ಅಂಥಲ್ಲಿ ಬಸ್ ಅನ್ನು ಸಂಶಯಿಸಲು ಕಾರಣವಿಲ್ಲ. ಪರದೆಯು ಅಂಕಿಯನ್ನು ಕಂಟ್ರೋಲ್ ಪ್ಯಾನೆಲ್‌ನಿಂದಲೇ ನೇರವಾಗಿ ಪಡೆಯುವ ಅಳವಡಿಕೆಗಳೂ ಉಂಟು. ಅವುಗಳಲ್ಲಿ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಮೊದಲು ವೈರಿಂಗ್ ನಕ್ಷೆ ತೆರೆದು ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಟೆಸ್ಟ್ ಮೋಡ್. ಬಣ್ಣದ ಪಟ್ಟಿಗಳ ಆ ಮಾದರಿ ಚಿತ್ರ ಹುಟ್ಟುವುದು ಟ್ರಾನ್ಸೀವರ್‌ನಲ್ಲಿ. ಅದು ಎರಡೂ ಪರದೆಗಳಲ್ಲಿ ಅಂಚು ಕೆಡದೆ, ಎಲ್ಲ ಬಣ್ಣಗಳೊಂದಿಗೆ ಮೂಡಿದರೆ ಟ್ರಾನ್ಸೀವರ್‌ನಿಂದ ಪರದೆಯವರೆಗಿನ ದಾರಿ ಸರಿಯಿದೆ. ಆದರೆ ಪಟ್ಟಿಗಳು ಚೆನ್ನಾಗಿ ಬಂದವೆಂದು ರಾಡಾರ್ ಇಡಿಯಾಗಿ ಸರಿಯಿದೆ ಎಂದು ಬರೆಯುವುದು ತಪ್ಪು: ರೇಡೋಮ್, ಆಂಟೆನಾ, ವೇವ್‌ಗೈಡ್‌ಗಳ ಬಗ್ಗೆ ಈ ಚಿತ್ರ ಸಾಕ್ಷಿ ನುಡಿಯುವುದಿಲ್ಲ.

ಮೂರನೆಯದು ಭೂಪ್ರದೇಶದ ಚಿತ್ರ. ನೆಲಕ್ಕೆ ಬಡಿಯುವ ಅಪಾಯವನ್ನು ಎಚ್ಚರಿಸುವ ಇಜಿಪಿಡಬ್ಲ್ಯೂಎಸ್ ಕಂಪ್ಯೂಟರ್ ತನ್ನ ಗುಡ್ಡಬೆಟ್ಟಗಳ ಚಿತ್ರವನ್ನೂ ರಾಡಾರ್‌ನದೇ ಬಗೆಯ ಪದಗಳಲ್ಲಿ ಪರದೆಗೆ ಕಳುಹಿಸುತ್ತದೆ. ಟೆರೇನ್ ಬಟನ್ ಒತ್ತಿದಾಗ ಆ ಚಿತ್ರ ಚೊಕ್ಕಟವಾಗಿ ಮೂಡಿ, ರಾಡಾರ್ ಚಿತ್ರ ಮಾತ್ರ ಬಾರದಿದ್ದರೆ, ಪದಗಳನ್ನು ಚಿತ್ರವಾಗಿಸುವ ಭಾಗ ಆರೋಗ್ಯವಾಗಿದೆ. ಎರಡು ಮೂಲಗಳ ನಡುವೆ ರಿಲೇ ಮೂಲಕ ಅದಲುಬದಲು ಮಾಡುವ ಅಳವಡಿಕೆಗಳಲ್ಲಿ ಆಗ ಆ ರಿಲೇಯ ಕಡೆಗೆ ಬೊಟ್ಟು ತೋರಿಸಬೇಕು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಹೀಗಿದ್ದೂ ದೂರಿನ ಕೆಳಗೆ "ಟೆರೇನ್ ಪರೀಕ್ಷಿಸಲಾಗಿದೆ" ಎಂಬ ಸಾಲು ಕಾಣಸಿಗುವುದು ಕಡಿಮೆ.

ಒಂದೇ ಕಡೆ ಚಿತ್ರವಿಲ್ಲದಿದ್ದರೆ ಪರದೆಯ ಕಂಪ್ಯೂಟರನ್ನು ಕಾಕ್‌ಪಿಟ್‌ನಿಂದಲೇ ಬದಲಿಸಿ ನೋಡಬಹುದು. ಎ320ರಲ್ಲಿ ಇಐಎಸ್ ಡಿಎಂಸಿ ಸ್ವಿಚ್ಚನ್ನು ಆ ಬದಿಗೆ ಮೂರನೆಯ ಡಿಎಂಸಿ ಸಿಗುವಂತೆ ತಿರುಗಿಸಿ. 757 ಮತ್ತು 767ರಲ್ಲಿ ಮಧ್ಯದ ಸಿಂಬಲ್ ಜನರೇಟರ್ ಆರಿಸಿ. ಚಿತ್ರ ಮರಳಿದರೆ ದೋಷ ಮೊದಲಿನ ಕಂಪ್ಯೂಟರ್‌ನಲ್ಲಿ ಅಥವಾ ಅದಕ್ಕೆ ಹೋಗುವ ಬಸ್ ಕವಲಿನಲ್ಲಿದೆ. ಮರಳದಿದ್ದರೆ ಪರದೆಯ ಕಡೆ ನೋಡಿ. ಎರಡೂ ಕಡೆ ಒಟ್ಟಿಗೆ ಹೋಗಿದ್ದರೆ ಸಮಾನವಾದ ಮೂಲ, ಎಂದರೆ ಟ್ರಾನ್ಸೀವರ್ ಅಥವಾ ಅದರ ವಿದ್ಯುತ್ ಪೂರೈಕೆ, ಮೊದಲ ಶಂಕಿತ. 737ರಲ್ಲಿ ರೇಂಜ್ ಹೊಂದುತ್ತಿಲ್ಲ ಎಂಬ ಸೂಚನೆ ಪರದೆಯಲ್ಲಿ ಬಂದರೆ, ಪರದೆಗಳನ್ನು ನಿಯಂತ್ರಿಸುವ ಇಎಫ್‌ಐಎಸ್ ಪ್ಯಾನೆಲ್‌ನಲ್ಲಿ ಆರಿಸಿದ ರೇಂಜ್ ಮತ್ತು ಪರದೆಗೆ ಮರಳಿ ಬರುತ್ತಿರುವ ರೇಂಜ್ ಬೇರೆಬೇರೆಯಾಗಿವೆ. ಆಗ ವಿಡಿಯೊ ತಂತಿಗಿಂತ ಮೊದಲು, ಟ್ರಾನ್ಸೀವರ್‌ಗೆ ಆಜ್ಞೆ ಒಯ್ಯುವ ಏರಿಂಕ್ 429 ತಂತಿಯನ್ನು ನೋಡುವುದು ಸರಿ.

ಬಣ್ಣ ಬದಲಾದಾಗ

ಕೊಳವೆ ಪರದೆಗಳಿರುವ ಹಳೆಯ 757 ಮತ್ತು 767 ವಿಮಾನಗಳು ಇನ್ನೂ ಸರಕು ಸಾಗಣೆಯಲ್ಲಿ ಹಾರುತ್ತಿವೆ. ಕೊಳವೆಯಲ್ಲಿ ಕೆಂಪು ಬಣ್ಣ ಮೂಡಿಸುವ ಎಲೆಕ್ಟ್ರಾನ್ ಗನ್ ಹೋದರೆ, ಹಸಿರಿನೊಡನೆ ಕೆಂಪು ಸೇರಿ ಆಗುವ ಹಳದಿ ಬರೀ ಹಸಿರಾಗುತ್ತದೆ, ಮೆಜೆಂಟಾ ನೀಲಿಯಾಗುತ್ತದೆ, ಕೆಂಪಂತೂ ಕಪ್ಪಾಗಿ ಮಾಯವಾಗುತ್ತದೆ. ಪರಿಣಾಮವಾಗಿ ಬಿರುಸಾದ ಮಳೆಮೋಡವು ನಡುವೆ ತೂತಿರುವ ಹಸಿರು ಉಂಗುರವಾಗಿ ಕಾಣುತ್ತದೆ, ಪೈಲಟ್ ಕಣ್ಣಿಗೆ ಆ ತೂತು ದಾಟಿಹೋಗಬಹುದಾದ ಜಾಗವೆನಿಸುತ್ತದೆ. ವಿಡಿಯೊ ದೋಷಗಳಲ್ಲಿ ಇದಕ್ಕಿಂತ ಅಪಾಯಕಾರಿಯಾದುದು ನನಗೆ ತಿಳಿದಿಲ್ಲ. ನೀಲಿ ಗನ್ ಹೋದರೆ ಮೆಜೆಂಟಾ ಕೆಂಪಾಗುತ್ತದೆ. ಹಸಿರು ಗನ್ ಹೋದರೆ ಹಳದಿ ಕೆಂಪಾಗಿ, ಹಸಿರು ಅಳಿಸಿಹೋಗುತ್ತದೆ.

ಇದು ದತ್ತಾಂಶದ ತಪ್ಪೋ ಪರದೆಯ ತಪ್ಪೋ ಎಂದು ತಿಳಿಯಲು ಅದೇ ಪರದೆಯ ಇತರ ಗುರುತುಗಳ ಬಣ್ಣ ನೋಡಿ. ಮೆಜೆಂಟಾ ಬಣ್ಣದ ಮಾರ್ಗದ ಗೆರೆಯೂ ನೀಲಿಯಾಗಿದ್ದರೆ ರಾಡಾರ್‌ಗೂ ಈ ದೂರಿಗೂ ಸಂಬಂಧವಿಲ್ಲ, ಪರದೆಯನ್ನೇ ಬದಲಿಸಬೇಕು. ಗೆರೆ ಸರಿಯಿದ್ದು ಮೋಡದ ಬಣ್ಣ ಮಾತ್ರ ಕೆಟ್ಟಿದ್ದರೆ ಮತ್ತೊಂದು ಅಂಶ ಗಮನಿಸಿ: ಈ ಪರದೆಗಳು ಗೆರೆ ಮತ್ತು ಅಕ್ಷರಗಳನ್ನು ಪೆನ್ನಿನಂತೆ ನೇರವಾಗಿ ಎಳೆಯುವ ಸ್ಟ್ರೋಕ್ ವಿಧಾನದಲ್ಲೂ, ಮೋಡವನ್ನು ಟಿವಿಯಂತೆ ಸಾಲುಸಾಲಾಗಿ ತುಂಬುವ ರಾಸ್ಟರ್ ವಿಧಾನದಲ್ಲೂ ಬಿಡಿಸುತ್ತವೆ. ಹೀಗಾಗಿ ರಾಸ್ಟರ್ ವಿಡಿಯೊ ಕೆಟ್ಟಾಗ ಮೋಡ ಮಾತ್ರ ಬಣ್ಣಗೆಡಬಹುದು ಅಥವಾ ರೇಂಜ್ ಕಮಾನುಗಳಿಂದ ಪಕ್ಕಕ್ಕೆ ಸರಿದು ಕೂರಬಹುದು. ಸಿಂಬಲ್ ಜನರೇಟರ್ ಬದಲಿಸಿದಾಗ ತಪ್ಪು ಹೋಯಿತೇ, ಎದುರು ಬದಿಯ ಪರದೆಯಲ್ಲೂ ಅದೇ ತಪ್ಪಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು, ಯಾವ ಪೆಟ್ಟಿಗೆ ಎಂಬುದು ಗೊತ್ತಾಗುತ್ತದೆ. ಎದುರು ಬದಿಯಲ್ಲೂ ಅದೇ ಬಣ್ಣಗೇಡು ಇದ್ದರೆ ಟ್ರಾನ್ಸೀವರ್ ಮಟ್ಟಗಳನ್ನೇ ತಪ್ಪಾಗಿ ವಿಂಗಡಿಸುತ್ತಿದೆ.

ತುಂಡಾದ ಚಿತ್ರ: ತಂತಿಯ ಪರೀಕ್ಷೆ

ಬೀಸಿನ ನಡುವೆ ರೇಖೆಗಳು ಬಿಟ್ಟುಹೋಗುವುದು, ಕೆಲವು ರೇಖೆಗಳು ಹಳೆಯದಾಗಿಯೇ ಉಳಿಯುವುದು, ಚಿತ್ರ ಬಂದು ಬಂದು ಹೋಗುವುದು, ಅದರಲ್ಲೂ ಒಂದೇ ಬದಿಯಲ್ಲಿ ಹೀಗಾಗುವುದು ಬಸ್‌ನ ಲಕ್ಷಣ. ಪದಗಳು ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ, ಮ್ಯಾಂಚೆಸ್ಟರ್ ಸಂಕೇತದಲ್ಲಿ, ಹೆಣೆದ ಜೋಡಿ ತಂತಿಯಲ್ಲಿ ಸಾಗುತ್ತವೆ. ಒಂದು ಪದಕ್ಕೆ 1.6 ಮಿಲಿಸೆಕೆಂಡ್ ಬೇಕು. ಪದದ ಆರಂಭದಲ್ಲಿ 1.5 ಮೈಕ್ರೊಸೆಕೆಂಡ್ ಮೇಲೆ, 1.5 ಮೈಕ್ರೊಸೆಕೆಂಡ್ ಕೆಳಗೆ ಇರುವ ಸಿಂಕ್ (ಪದದ ಗಡಿ ತಿಳಿಸುವ ಗುರುತು) ಬರುತ್ತದೆ. ಕೊನೆಯಲ್ಲಿ ಅದೇ ತಲೆಕೆಳಗಾಗಿ ಬರುತ್ತದೆ. ಆಸಿಲೋಸ್ಕೋಪಿನಲ್ಲಿ ಬಿಟ್‌ಗಳ ದಟ್ಟ ಸಾಲಿನ ಎರಡು ತುದಿಗಳಲ್ಲಿ ಈ ಅಗಲವಾದ ಮೆಟ್ಟಿಲುಗಳು ಎದ್ದು ಕಾಣುತ್ತವೆ. ತಂತಿಯ ಎರಡೂ ಎಳೆಗಳಿಗೆ ಡಿಫರೆನ್ಷಿಯಲ್ ಪ್ರೋಬ್ ಹಾಕಿ, ಅಂಚುಗಳು ನೆಟ್ಟಗಿವೆಯೇ, ಅವುಗಳ ಹಿಂದೆ ಅಲೆಯಂಥ ನಡುಕವಿದೆಯೇ ನೋಡಬೇಕು. ನಡುಕವಿದ್ದರೆ ತುದಿಯ ಟರ್ಮಿನೇಶನ್ (ಸಂಕೇತ ಪ್ರತಿಫಲಿಸದಂತೆ ತಡೆಯುವ ರೋಧ) ಬಿಟ್ಟುಹೋಗಿದೆ ಅಥವಾ ಕವಲೊಂದು ತೆರೆದುಕೊಂಡಿದೆ, ಅಂಚಿನ ಸಂಕೇತ ಪ್ರತಿಫಲಿಸಿ ಮರಳುತ್ತಿದೆ ಎಂದರ್ಥ. ವೋಲ್ಟೇಜ್ ಎಷ್ಟಿರಬೇಕೆಂಬುದಕ್ಕೆ ಆಯಾ ಪೆಟ್ಟಿಗೆಯ ಕೈಪಿಡಿಯನ್ನೇ ನೋಡಿ.

ಮಲ್ಟಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಬಸ್‌ನ ತುದಿಗಳಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿರುವುದರಿಂದ ಪೆಟ್ಟಿಗೆಗಳು ಜೋಡಿಸಿರುವಾಗಲೇ ಓಮ್ ಅಳೆದರೆ ಸುರುಳಿಯ ಚಿಕ್ಕ ರೋಧವಷ್ಟೇ ಸಿಕ್ಕಿ, ತಂತಿ ಶಾರ್ಟ್ ಆಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಎರಡೂ ತುದಿಯ ಕನೆಕ್ಟರ್ ಕಳಚಿ, ಎಳೆಯಿಂದ ಎಳೆಗೆ, ಎಳೆಯಿಂದ ಶೀಲ್ಡ್‌ಗೆ, ಶೀಲ್ಡ್‌ನಿಂದ ಬಾಡಿಗೆ ಬೇರೆಬೇರೆಯಾಗಿ ಅಳೆಯಬೇಕು. ಕನೆಕ್ಟರ್ ಪಿನ್ ಒಳಸರಿದಿರುವುದು, ರ‍್ಯಾಕ್‌ನ ಹಿಂಬದಿಯಲ್ಲಿ ಶೀಲ್ಡ್‌ನ ಬಾಲ ಕಿತ್ತುಬಂದಿರುವುದು ಅಳತೆಗಿಂತ ಮೊದಲು ಟಾರ್ಚ್ ಬೆಳಕಿನಲ್ಲೇ ಕಂಡುಬಿಡುವುದುಂಟು.

ವೈರಿಂಗ್ ದುರಸ್ತಿಯಾದ ಕೂಡಲೇ ಚಿತ್ರ ಪೂರ್ತಿ ಹೋಗಿದ್ದರೆ ಎರಡು ಎಳೆಗಳು ಅದಲುಬದಲಾಗಿವೆಯೇ ನೋಡಿ. ಆಗ ಇಡೀ ಸಂಕೇತ ತಲೆಕೆಳಗಾಗಿ, ಆರಂಭದ ಸಿಂಕ್ ರಿಸೀವರ್‌ಗೆ ಅಂತ್ಯದ ಸಿಂಕ್‌ನಂತೆ ತೋರಿ, ಪದವನ್ನೇ ಅದು ಸ್ವೀಕರಿಸುವುದಿಲ್ಲ. ತಂತಿಯ ನಿರಂತರತೆ, ರೋಧ, ಶೀಲ್ಡ್ ಎಲ್ಲವೂ ಸರಿಯೆಂದೇ ತೋರುವುದರಿಂದ ಈ ತಪ್ಪು ಬಹಳ ಸತಾಯಿಸುತ್ತದೆ. ಆಸಿಲೋಸ್ಕೋಪಿನಲ್ಲಿ ಮಾತ್ರ ಮೊದಲ ಮೆಟ್ಟಿಲು ಕೆಳಮುಖವಾಗಿರುವುದು ತಕ್ಷಣ ಕಾಣುತ್ತದೆ.

ಗೀರು ಮತ್ತು ಮಂಕು

ಪರದೆಯ ತಳದಿಂದ ಅಂಚಿನವರೆಗೆ ನೇರವಾಗಿ ಚಾಚುವ ಗೀರುಗಳು ಎರಡು ಬಗೆಯವು. ಬೀಸಿನಿಂದ ಬೀಸಿಗೆ ಜಾಗ ಬದಲಿಸುತ್ತ, ಸ್ವಲ್ಪ ಹೊತ್ತಿನಲ್ಲಿ ತಾವಾಗಿ ಹೋಗುವ ಗೀರುಗಳು ಹತ್ತಿರದ ಬೇರೆ ರಾಡಾರ್‌ನ ಹಸ್ತಕ್ಷೇಪದಿಂದ ಬಂದಿರುತ್ತವೆ. ಪೈಲಟ್ ಯಾವ ಊರಿನ ಮೇಲೆ ಅದನ್ನು ಕಂಡರೆಂದು ಬರೆದಿದ್ದರೆ ನಿರ್ಧಾರ ಸುಲಭ. ವಿಮಾನ ಎಲ್ಲಿದ್ದರೂ ಮೂಗಿನಿಂದ ಅಳೆದ ಅದೇ ಕೋನದಲ್ಲಿ ಕಾಣಿಸಿಕೊಳ್ಳುವ ಗೀರು ಆಂಟೆನಾದ ಚಲನೆಗೆ ಅಂಟಿಕೊಂಡಿದೆ: ರೋಟರಿ ಜಾಯಿಂಟ್, ಬಾಗುವ ವೇವ್‌ಗೈಡ್ ಅಥವಾ ಆಂಟೆನಾದ ಕೇಬಲ್ ಆ ಕೋನಕ್ಕೆ ಬಂದಾಗ ಸಂಪರ್ಕ ಕಳೆದುಕೊಳ್ಳುತ್ತಿದೆ. ಎರಡೂ ಬಗೆಯವು ಎರಡೂ ಪರದೆಗಳಲ್ಲಿ ಸಮಾನವಾಗಿ ಕಾಣುತ್ತವೆ. ಒಂದೇ ಪರದೆಯಲ್ಲಿ ಕಂಡರೆ ತಂತಿಯ ಪರೀಕ್ಷೆಗೆ ಹಿಂದಿರುಗಿ.

ಟೆಸ್ಟ್ ಚಿತ್ರ ಪ್ರಖರವಾಗಿದ್ದು ನಿಜವಾದ ಮೋಡ ಮಾತ್ರ ಪೇಲವವಾಗಿದ್ದರೆ ಗಮನ ಮೂಗಿನ ಕಡೆಗೆ ಹೋಗಬೇಕು. ಎರಡು ಟ್ರಾನ್ಸೀವರ್‌ಗಳಿರುವ ವಿಮಾನಗಳಲ್ಲಿ ಅವು ವೇವ್‌ಗೈಡ್ ಸ್ವಿಚ್ ಮೂಲಕ ಒಂದೇ ಆಂಟೆನಾವನ್ನು ಹಂಚಿಕೊಳ್ಳುತ್ತವೆ. ಸಿಸ್ಟಂ 1 ಮತ್ತು 2 ಎರಡರಲ್ಲೂ ಚಿತ್ರ ಪೇಲವವಾಗಿದ್ದರೆ ಸಮಾನವಾದ ಭಾಗ ಕೆಟ್ಟಿದೆ. ವೇವ್‌ಗೈಡ್‌ನಲ್ಲಿ ನೀರು, ರೇಡೋಮ್ ಪದರಗಳೊಳಗೆ ತೇವ, ರೇಡೋಮ್ ಮೇಲೆ ಅಳತೆ ಮೀರಿದ ಬಣ್ಣ ಇವು ಸಾಮಾನ್ಯ ಕಾರಣಗಳು. ರೇಡೋಮ್‌ಗಳು ಎಷ್ಟು ಶಕ್ತಿಯನ್ನು ಹಾಯಬಿಡಬೇಕೆಂಬುದಕ್ಕೆ ಅಮೆರಿಕದ ಆರ್‌ಟಿಸಿಎ ಸಂಸ್ಥೆಯ ಡಿಒ-213 ಮಾನದಂಡವಿದೆ. ಮಳೆಗಾಲದಲ್ಲಿ ಹೆಚ್ಚಿ ಬೇಸಿಗೆಯಲ್ಲಿ ತಗ್ಗುವ ದೂರಾದರೆ ತೇವದ ಸಂಶಯ ಬಲವಾಗುತ್ತದೆ.

ದುರಸ್ತಿಯ ನಂತರದ ಪರಿಶೀಲನೆ

ಎರಡೂ ಬದಿಗಳಲ್ಲಿ ಬೇರೆಬೇರೆ ರೇಂಜ್ ಇಟ್ಟು ಟೆಸ್ಟ್ ಚಿತ್ರ ನೋಡಿ, ಆಮೇಲೆ ರೇಂಜ್‌ಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿ. ಕಂಪ್ಯೂಟರ್ ಬದಲಾವಣೆಯ ಸ್ವಿಚ್‌ಗಳನ್ನು ಎಲ್ಲ ಸ್ಥಾನಗಳಲ್ಲೂ ಇಟ್ಟು, ಟೆರೇನ್ ಚಿತ್ರಕ್ಕೆ ಹೋಗಿ ಬಂದು, ಕೊನೆಗೆ ಬ್ರೈಟ್‌ನೆಸ್ ನಾಬ್‌ಗಳನ್ನು ಹಗಲಿಗೆ ತಕ್ಕಂತೆ ಇಡಬೇಕು. ಕನೆಕ್ಟರ್ ಮುಟ್ಟಿದ್ದರೆ ಚಿತ್ರ ಬರುತ್ತಿರುವಾಗ ಆ ಕೇಬಲ್ ಕಟ್ಟನ್ನು ಕೈಯಿಂದ ಮೆಲ್ಲಗೆ ಅಲುಗಿಸಿ ರೇಖೆಗಳು ತಪ್ಪುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆದರೆ ಆ ಕಟ್ಟು ಮೂಗಿನೊಳಗಿದ್ದರೆ ಇದನ್ನು ಮಾಡಬಾರದು. ಅಲ್ಲಿ ಬ್ರೇಕರ್ ಎಳೆದ ಸ್ಥಿತಿಯಲ್ಲೇ, ನಿರಂತರತೆ ಅಳೆಯುತ್ತ ಅಲುಗಿಸಬೇಕು. ಮೂಗಿನ ಕಡೆಯ ಭಾಗ ಬದಲಿಸಿದ್ದರೆ ನಿಜವಾದ ಮೋಡವೊಂದೇ ಪೂರ್ಣ ಪರೀಕ್ಷೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮೋಡಗಳಿಗೆ ಬರವಿಲ್ಲವಾದ್ದರಿಂದ ಮುಂದಿನ ಹಾರಾಟದ ಪೈಲಟ್‌ಗೆ ವರದಿ ಕೇಳಿ ಒಂದು ಸಾಲು ಬರೆದಿಡಬಹುದು. ಲಾಗ್‌ಬುಕ್‌ನಲ್ಲಿ ಬದಲಿಸಿದ ಭಾಗದ ಹೆಸರಿನ ಜೊತೆಗೆ ಯಾವ ಬದಿ, ಯಾವ ರೇಂಜ್, ಟಿಲ್ಟ್ ಅಂಕಿ ಬದಲಾಗುತ್ತಿತ್ತೇ, ಟೆರೇನ್ ಬರುತ್ತಿತ್ತೇ, ಇತರ ಗುರುತುಗಳ ಬಣ್ಣ ಸರಿಯಿತ್ತೇ ಎಂಬಿಷ್ಟನ್ನು ದಾಖಲಿಸಿ, ಅದೇ ವಿವರಗಳ ಪ್ರತಿಯನ್ನು ವರ್ಕ್‌ಶಾಪ್‌ಗೆ ಹೋಗುವ ಪೆಟ್ಟಿಗೆಯ ಟ್ಯಾಗ್‌ಗೂ ಕಟ್ಟಬೇಕು.